ಕಳೆದುಕೊಂಡವರ ಮನೆಗೇ ಮತ್ತೆ ಬರುವ ಕಳ್ಳ

ಕಳ್ಳತನವಾದ ಮನೆಗೆ ನೆರೆಹೊರೆಯವರು ಸಾಂತ್ವನ ಹೇಳಲು ಹೋಗುವುದು ನಮ್ಮ ಸಂಪ್ರದಾಯ. ಆದರೆ ಇಂದು ನೆರೆಯವನಿಗೆ ಸುದ್ದಿ ಮುಟ್ಟುವ ಮೊದಲೇ ಆ ಮನೆಯನ್ನು ಹುಡುಕಿಕೊಂಡು ಎರಡನೆಯ ಕಳ್ಳನೊಬ್ಬ ಬರುತ್ತಿದ್ದಾನೆ. ಅವನು ಗೋಡೆ ಕೊರೆಯುವುದಿಲ್ಲ, ಬೀಗ ಮುರಿಯುವುದಿಲ್ಲ. ಮೊಬೈಲಿನಲ್ಲಿ ಸಲಾಮ್ ಹೇಳುತ್ತಾನೆ, ಕ್ಷೇಮ ವಿಚಾರಿಸುತ್ತಾನೆ, ಹೋದ ಹಣಕ್ಕಾಗಿ ನಮಗಿಂತ ಹೆಚ್ಚು ಮರುಗುತ್ತಾನೆ. ಕೊನೆಗೆ, “ನಿಮ್ಮ ಹಣವನ್ನು ನಾನು ಮರಳಿ ಕೊಡಿಸುತ್ತೇನೆ, ಸ್ವಲ್ಪ ಶುಲ್ಕ ಮಾತ್ರ ಕಟ್ಟಬೇಕು” ಎನ್ನುತ್ತಾನೆ. ಮೊದಲನೆಯ ಕಳ್ಳ ನಮ್ಮ ಆಸೆಯನ್ನು ಬಳಸಿಕೊಂಡಿದ್ದರೆ, ಇವನು ನಮ್ಮ ದುಃಖವನ್ನು ಬಳಸಿಕೊಳ್ಳುತ್ತಾನೆ. ಆದ್ದರಿಂದಲೇ ಇವನು ಹೆಚ್ಚು ಅಪಾಯಕಾರಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ನಮ್ಮ ಕುಟುಂಬಗಳನ್ನು ಉದ್ದೇಶಿಸಿಯೇ ನಾವು ಇದನ್ನು ಬರೆಯುತ್ತಿದ್ದೇವೆ. ಇಂತಹ ಮೋಸಗಳು ಬೆಂಗಳೂರು, ಮುಂಬಯಿಯ ಶ್ರೀಮಂತರಿಗೆ ಸಂಬಂಧಿಸಿದವು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಗೋವಾದ ಕಡಲತೀರ ನಮಗೆ ಒಂದು ಹಗಲಿನ ಪ್ರಯಾಣ. ನಮ್ಮ ಮಕ್ಕಳು ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಲ್ಲಿ ಮತ್ತು ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಲಕ್ಕಿ ಡ್ರಾ ಕೂಪನ್‌ಗಳ ಮೇಲೆ ನಮ್ಮ ಹೆಸರು, ಮೊಬೈಲ್ ಸಂಖ್ಯೆಗಳನ್ನು ನಾವೇ ಬರೆದುಕೊಡುತ್ತೇವೆ. ಜಾಲ ನಮ್ಮ ಮನೆಯ ಬಾಗಿಲನ್ನು ತಲುಪಲು ಇಷ್ಟು ಸಾಕು.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಟೈಮ್‌ಶೇರ್ ಅಥವಾ ಹಾಲಿಡೇ ಕ್ಲಬ್ ಸದಸ್ಯತ್ವ ಎಂದರೆ, ಒಂದು ರೆಸಾರ್ಟಿನ ಕೋಣೆಯನ್ನು ವರ್ಷಕ್ಕೆ ಕೆಲವು ದಿನಗಳ ಮಟ್ಟಿಗೆ, ಹತ್ತು ಇಪ್ಪತ್ತು ವರ್ಷಗಳ ಕಾಲ ಬಳಸುವ ಹಕ್ಕನ್ನು ಕೊಳ್ಳುವುದು. ಕಟ್ಟಡ ನಮ್ಮದಾಗುವುದಿಲ್ಲ, ದಿನಗಳಷ್ಟೇ ನಮ್ಮವು. ಗೋವಾದ ತೀರದಲ್ಲಿ ಯುವಕನೊಬ್ಬ ಉಜ್ಜುವ ಚೀಟಿ ಕೊಟ್ಟು “ಬಹುಮಾನ ಬಂದಿದೆ” ಎನ್ನುತ್ತಾನೆ. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ದಂಪತಿಗಳಿಗೆ ಉಚಿತ ಊಟದ ಆಮಂತ್ರಣ ಬರುತ್ತದೆ. ದುಬೈನ ಮಾಲ್‌ನಲ್ಲಿ ನಮ್ಮ ಹುಡುಗನನ್ನು ಅವನದೇ ಭಾಷೆಯಲ್ಲಿ ಮಾತನಾಡಿಸಿ ಕುರ್ಚಿಯಲ್ಲಿ ಕೂರಿಸುತ್ತಾರೆ. ಗಂಟೆಗಟ್ಟಲೆ ಮಾತು, ಸಂಗೀತ, ಚಪ್ಪಾಳೆ, “ಇವತ್ತೊಂದೇ ದಿನ ಈ ಬೆಲೆ” ಎಂಬ ಒತ್ತಡ. ಕೊನೆಗೆ ಒಂದು ಸಹಿ.

ಈ ವ್ಯವಹಾರವೇ ಮೂಲತಃ ಹರಾಮ್ ಎಂದು ಸಾರಲು ನಾವು ಹೊರಟಿಲ್ಲ. ವಸ್ತುವಿನ ಬದಲು ಅದರ ಪ್ರಯೋಜನವನ್ನು ನಿಗದಿತ ಕಾಲಕ್ಕೆ, ನಿಗದಿತ ಬೆಲೆಗೆ ಪಡೆಯುವುದನ್ನು ಕರ್ಮಶಾಸ್ತ್ರದಲ್ಲಿ ಇಜಾರಾ ಎನ್ನುತ್ತಾರೆ. ಮಕ್ಕಾದ ಹರಮ್ ಎದುರಿನ ಝಮ್‌ಝಮ್ ಟವರ್‌ನಲ್ಲಿ ವಾರಗಳ ಲೆಕ್ಕದಲ್ಲಿ, 24 ವರ್ಷಗಳ ಅವಧಿಗೆ ವಾಸದ ಹಕ್ಕನ್ನು ಸುಕೂಕುಲ್ ಇಂತಿಫಾ ಎಂಬ ಹೆಸರಿನಲ್ಲಿ ಮಾರಲಾಗಿತ್ತು. ಅವಧಿ, ಸ್ಥಳ, ಬೆಲೆ ಎಲ್ಲವೂ ತಿಳಿದಿರಬೇಕು, ಮರೆಮಾಚಿದ್ದೇನೂ ಇರಬಾರದು ಎಂಬುದು ಶರೀಅತ್‌ನ ಷರತ್ತು. ನಮ್ಮ ತಕರಾರು ಇರುವುದು ಈ ಷರತ್ತನ್ನು ಮುರಿಯುವವರೊಡನೆ. ವರ್ಷ ವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಅಡಗಿಸುತ್ತಾರೆ. ಮಕ್ಕಳ ರಜೆಯ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟವೆಂಬುದನ್ನು ಹೇಳುವುದೇ ಇಲ್ಲ. ಬೇಡವಾದಾಗ ಸದಸ್ಯತ್ವವನ್ನು ಕೊಂಡ ಬೆಲೆಯಲ್ಲಿ ಕಾಲು ಭಾಗಕ್ಕೂ ಮಾರುವುದು ದುಸ್ತರವೆಂಬುದನ್ನು ಮುಚ್ಚಿಡುತ್ತಾರೆ. ಮೇಲೆ ಒಣಗಿದ, ಒಳಗೆ ತೋಯ್ದ ಧಾನ್ಯದ ರಾಶಿಗೆ ಪ್ರವಾದಿ(ಸ)ರವರು ಕೈಯಿಟ್ಟು ನೋಡಿದ, ತೋಯ್ದದ್ದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಎಚ್ಚರಿಸಿದ ಘಟನೆ ನಮಗೆಲ್ಲ ಗೊತ್ತು. ರೆಸಾರ್ಟಿನ ಬಣ್ಣದ ಪುಸ್ತಿಕೆಯೂ ಅಂತಹದೇ ಒಂದು ರಾಶಿ.

ಇಷ್ಟು ಮೊದಲ ಹಂತ. ಎರಡನೆಯ ಕಳ್ಳ ಬರುವುದು ಇದಾದ ಮೇಲೆ.

ಸದಸ್ಯತ್ವ ಕೊಂಡವರು ಎರಡು ಮೂರು ವರ್ಷಗಳಲ್ಲಿ ಬೇಸರಗೊಳ್ಳುತ್ತಾರೆ. ಕಾಗದಗಳು ಕಪಾಟು ಸೇರುತ್ತವೆ. ಆಗ ಒಂದು ಕರೆ ಬರುತ್ತದೆ. ಕರೆ ಮಾಡಿದವನಿಗೆ ನಿಮ್ಮ ಹೆಸರು, ಸದಸ್ಯತ್ವದ ಸಂಖ್ಯೆ, ನೀವು ಕಟ್ಟಿದ ಮೊತ್ತ ಎಲ್ಲವೂ ಗೊತ್ತಿರುತ್ತದೆ. ಇದನ್ನೇ ಅವನ ಪ್ರಾಮಾಣಿಕತೆಯ ಪುರಾವೆಯೆಂದು ನಾವು ನಂಬುತ್ತೇವೆ. ವಾಸ್ತವದಲ್ಲಿ ಅದು ಸೋರಿಹೋದ, ಕೈಯಿಂದ ಕೈಗೆ ಮಾರಾಟವಾದ ಪಟ್ಟಿಯ ಪುರಾವೆ ಮಾತ್ರ. ನಮ್ಮ ಗುಟ್ಟು ತಿಳಿದವನೆಲ್ಲ ನಮ್ಮ ಹಿತೈಷಿಯಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು 2 ಲಕ್ಷ ರೂಪಾಯಿಗೆ ಕೊಂಡ ಸದಸ್ಯತ್ವಕ್ಕೆ 4 ಲಕ್ಷ ಕೊಡುವ ಗಿರಾಕಿ ಸಿದ್ಧನಿದ್ದಾನೆ ಎನ್ನುತ್ತಾನೆ. ನೋಂದಣಿಗೆ 9 ಸಾವಿರ ಕಟ್ಟಿ ಎನ್ನುತ್ತಾನೆ, ನೀವು ಕಟ್ಟುತ್ತೀರಿ. ಮರುವಾರ ವರ್ಗಾವಣೆಯ ಶುಲ್ಕ 22 ಸಾವಿರ. ಅದರ ಮರುವಾರ ಜಿ.ಎಸ್.ಟಿ. 36 ಸಾವಿರ, ಅದು “ಮರುಪಾವತಿಯಾಗುವ” ಮೊತ್ತವಂತೆ. ಬಳಿಕ ಬ್ಯಾಂಕಿನ ತಡೆ ತೆರವುಗೊಳಿಸಲು ಮತ್ತೆ 40 ಸಾವಿರ. ಅಲ್ಲಿಗೆ 1 ಲಕ್ಷ 7 ಸಾವಿರ ಹೋಯಿತು. ಇಲ್ಲಿಗೆ ನಿಲ್ಲಿಸಿದರೆ ಹಿಂದಿನದೆಲ್ಲ ಮುಳುಗಿತು ಎಂಬ ಭಯವೇ ಮುಂದಿನ ಕಂತನ್ನು ಕಟ್ಟಿಸುತ್ತದೆ. ಗಿರಾಕಿ ಮಾತ್ರ ಎಂದೂ ಕಾಣಿಸಿಕೊಳ್ಳುವುದಿಲ್ಲ, ಏಕೆಂದರೆ ಅವನು ಎಂದೂ ಇರಲೇ ಇಲ್ಲ.

ಇಲ್ಲದ ಗಿರಾಕಿಯನ್ನು ತೋರಿಸಿ ಬೆಲೆ ಏರಿಸುವ ಈ ಆಟಕ್ಕೆ ಹದೀಸ್‌ನಲ್ಲಿ ನಜಶ್ ಎಂಬ ಹೆಸರಿದೆ. ಕೊಳ್ಳುವ ಉದ್ದೇಶವಿಲ್ಲದೆ ಕೂಗು ಏರಿಸಿ ಇನ್ನೊಬ್ಬನನ್ನು ಬಲೆಗೆ ಬೀಳಿಸುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದರು. ಸರಕು ಹೊತ್ತು ಬರುವ ಕಾಫಿಲಾವನ್ನು ಪೇಟೆ ತಲುಪುವ ಮೊದಲೇ ದಾರಿಯಲ್ಲಿ ಅಡ್ಡಗಟ್ಟಿ ವ್ಯಾಪಾರ ಮಾಡುವುದನ್ನೂ ಅವರು ನಿಷೇಧಿಸಿದರು. ಪೇಟೆಯ ದರ ತಿಳಿಯದವನನ್ನು ದರ ತಿಳಿದವನು ಏಕಾಂತದಲ್ಲಿ ಹಿಡಿಯುವುದು ಅನ್ಯಾಯವೆಂಬುದೇ ಅದರ ತಿರುಳು. ಕಡಲತೀರದಲ್ಲಿ ಚೀಟಿ ಹಂಚುವವನೂ ಮಧ್ಯಾಹ್ನದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಕರೆ ಮಾಡುವವನೂ ಮಾಡುತ್ತಿರುವುದು ಇದನ್ನೇ. ಹದಿನಾಲ್ಕು ಶತಮಾನಗಳ ಹಿಂದೆಯೇ ಗುರುತಿಸಿ ತಡೆದ ಮೋಸ ಇಂದು ಮೊಬೈಲ್ ಹಿಡಿದು ಬಂದಿದೆ, ಅಷ್ಟೇ ವ್ಯತ್ಯಾಸ.

ಈ ಮೋಸವನ್ನು ಗುರುತಿಸಲು ದೊಡ್ಡ ಓದು ಬೇಕಿಲ್ಲ. ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿ ತಂದ ರೈತನನ್ನು ಕೇಳಿ. ಮಾರುವವನು ಕೊಳ್ಳುವವನಿಗೆ ಮೊದಲು ಹಣ ಕೊಡುವುದುಂಟೇ? ಹಮಾಲಿ, ತೂಕ ಎಂಬ ಖರ್ಚು ಏನೇ ಇರಲಿ, ಅದನ್ನು ಪಟ್ಟಿಯಲ್ಲಿ ಮುರಿದುಕೊಂಡು ಉಳಿದದ್ದನ್ನು ಅವನ ಕೈಗೆ ಕೊಡುತ್ತಾರೆ. ರಾಮದುರ್ಗದ ನೇಕಾರನನ್ನು ಕೇಳಿ. ಸೀರೆ ಕೊಳ್ಳಲು ಬಂದ ವ್ಯಾಪಾರಿ “ಮೊದಲು ನನಗೆ ತೆರಿಗೆ ಕಟ್ಟು” ಎಂದರೆ ಅವನು ಸೀರೆಯನ್ನು ಮಡಚಿ ಒಳಗಿಡುತ್ತಾನೆ. ಹಾಗಾದರೆ ಕರೆ ಮಾಡಿದವನಿಗೆ ಒಂದೇ ಮಾತು ಹೇಳಿ: “ನಿಮ್ಮ ಶುಲ್ಕ ಎಷ್ಟಿದ್ದರೂ ಮಾರಾಟದ ಹಣದಲ್ಲಿಯೇ ಮುರಿದುಕೊಂಡು, ಉಳಿದದ್ದನ್ನು ನನ್ನ ಖಾತೆಗೆ ಹಾಕಿ.” ಪ್ರಾಮಾಣಿಕ ದಲ್ಲಾಳಿ ಇದಕ್ಕೆ ಒಪ್ಪಬಲ್ಲ. ಮೋಸಗಾರನು ಒಪ್ಪಲಾರ. ನಿಯಮ ಅವಕಾಶ ಕೊಡುವುದಿಲ್ಲ, ಮೇಲಧಿಕಾರಿ ಬಿಡುವುದಿಲ್ಲ, ಗಿರಾಕಿ ಇಂದೇ ಹೊರಟುಹೋಗುತ್ತಾನೆ ಎಂದು ನೂರು ನೆಪ ಹೇಳುತ್ತಾನೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಉಳಿದ ಗುರುತುಗಳನ್ನೂ ಮನೆಯವರಿಗೆಲ್ಲ ಓದಿ ಹೇಳಿ. ಸಂಸ್ಥೆಯ ಹೆಸರು ಹೇಳಿ ಹಣವನ್ನು ವ್ಯಕ್ತಿಯೊಬ್ಬನ ಖಾತೆಗೆ ಅಥವಾ ಮೊಬೈಲ್ ಸಂಖ್ಯೆಗೆ ಹಾಕಿಸುವುದು ಮೋಸದ ಗುರುತು. “ಇಂದು ಸಂಜೆಯೊಳಗೆ” ಎಂಬ ಆತುರ ಮೋಸದ ಗುರುತು. “ಮನೆಯಲ್ಲಿ ಯಾರಿಗೂ ಹೇಳಬೇಡಿ, ವ್ಯವಹಾರ ಕೆಡುತ್ತದೆ” ಎಂಬ ಗೋಪ್ಯ ಮೋಸದ ಗುರುತು. ಮೊಬೈಲಿನ ಪರದೆ ಅವನಿಗೆ ಕಾಣುವಂತೆ ಯಾವುದೋ ಆ್ಯಪ್ ಹಾಕಿಸುವುದು, ಒ.ಟಿ.ಪಿ. ಕೇಳುವುದು, ಹಣ “ಪಡೆಯಲು” ಕ್ಯೂ.ಆರ್. ಕೋಡ್ ಸ್ಕ್ಯಾನ್ ಮಾಡಿಸಿ ಪಿನ್ ಒತ್ತಿಸುವುದು ಮೋಸದ ಗುರುತು. ಯು.ಪಿ.ಐ.ಯಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಈ ಒಂದು ಮಾತನ್ನು ನಮ್ಮ ತಾಯಂದಿರಿಗೆ ಕಲಿಸಿದರೂ ಎಷ್ಟೋ ಮನೆಗಳು ಉಳಿಯುತ್ತವೆ.

ಇದು ನಮ್ಮ ಸೀಮೆಯ ಮುಗ್ಧರಿಗೆ ಮಾತ್ರ ಆಗುವ ಮೋಸವೆಂದು ಯಾರೂ ತಿಳಿಯಬಾರದು. ಮೆಕ್ಸಿಕೋದ ಕಡಲತೀರಗಳಲ್ಲಿ ಟೈಮ್‌ಶೇರ್ ಕೊಂಡ ಅಮೆರಿಕನ್ನರಲ್ಲಿ ಸುಮಾರು 6,000 ಮಂದಿ, 2019ರಿಂದ 2023ರವರೆಗೆ ಹೆಚ್ಚುಕಡಿಮೆ 30 ಕೋಟಿ ಡಾಲರ್ ಕಳೆದುಕೊಂಡಿದ್ದಾರೆಂದು ಅಲ್ಲಿನ ತನಿಖಾ ಸಂಸ್ಥೆ ಎಫ್.ಬಿ.ಐ. ತಿಳಿಸಿದೆ. ಮಾದಕ ವಸ್ತುಗಳ ದಂಧೆಕೋರರೇ ಕರೆ ಮಾಡುವ ಕೇಂದ್ರಗಳನ್ನು ತೆರೆದು, ಮೊದಲು ದಲ್ಲಾಳಿಗಳಾಗಿ, ಬಳಿಕ ವಕೀಲರಾಗಿ, ಕೊನೆಗೆ ಸರಕಾರಿ ಅಧಿಕಾರಿಗಳಾಗಿ ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಸುಲಿದರು. ಸುಲಿಗೆಗೆ ಒಳಗಾದವರಲ್ಲಿ ಅನೇಕರು ವೃದ್ಧರು. ಈ ರೋಗವನ್ನು ಮೊದಲೇ ಅರಿತ ಯುರೋಪಿನ ಒಕ್ಕೂಟವು 2008ರ ತನ್ನ ನಿರ್ದೇಶನದಲ್ಲಿ, ಟೈಮ್‌ಶೇರ್ ಕೊಂಡವನಿಗೆ ಮನಸ್ಸು ಬದಲಿಸಲು 14 ದಿನಗಳ ಅವಕಾಶ ಕೊಟ್ಟಿತು. ಮರುಮಾರಾಟ ಮಾಡಿಸಿಕೊಡುವವನು ಮಾರಾಟ ನಿಜವಾಗಿ ನಡೆಯುವ ಮೊದಲು ಒಂದು ಕಾಸನ್ನೂ ಪಡೆಯಕೂಡದೆಂದು ವಿಧಿಸಿತು. ಹತ್ತಿಯ ಪೇಟೆಯ ನಮ್ಮ ರೈತನ ವಿವೇಕವನ್ನೇ ಅವರು ಕಾನೂನಾಗಿ ಬರೆದಿದ್ದಾರೆ.

ನಮ್ಮ ದೇಶದಲ್ಲಿಯೂ ಎರಡನೆಯ ಕಳ್ಳ ರೆಸಾರ್ಟಿನ ಸದಸ್ಯರನ್ನಷ್ಟೇ ಹುಡುಕುವುದಿಲ್ಲ. ಹಣ ಸಿಲುಕಿಕೊಂಡವರು ಎಲ್ಲಿದ್ದರೂ ಅವನು ಅಲ್ಲಿರುತ್ತಾನೆ. ಜಮೀನಿನ ಹೆಸರಿನಲ್ಲಿ ಹಳ್ಳಿ ಹಳ್ಳಿಗಳಿಂದ ಹಣ ಸಂಗ್ರಹಿಸಿದ ಪಿ.ಎ.ಸಿ.ಎಲ್. ಸಂಸ್ಥೆಗೆ, ಹೂಡಿಕೆದಾರರ ಸುಮಾರು 49,100 ಕೋಟಿ ರೂಪಾಯಿಗಳನ್ನು ಮರಳಿಸಬೇಕೆಂದು 2014ರಲ್ಲಿ ಸೆಬಿ ಆದೇಶಿಸಿತು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ನ್ಯಾಯಮೂರ್ತಿ ಲೋಧಾ ಸಮಿತಿ ರಚನೆಯಾಯಿತು. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಕೊಡಬೇಡಿರೆಂದು ಹೂಡಿಕೆದಾರರನ್ನು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ವಿಮಾ ನಿಯಂತ್ರಣ ಪ್ರಾಧಿಕಾರವೂ, ಅಂದರೆ ಐ.ಆರ್.ಡಿ.ಎ.ಐ., ತಾನು ಯಾರಿಗೂ ಕರೆ ಮಾಡಿ ಬೋನಸ್ ಘೋಷಿಸುವುದಿಲ್ಲ, ಪಾಲಿಸಿ ಮಾರುವುದಿಲ್ಲ ಎಂದು ಸಾರ್ವಜನಿಕವಾಗಿ ಸಾರಬೇಕಾಯಿತು. ಪಾಲಿಸಿ ನಿಂತುಹೋದವರಿಗೆ ಅದೇ ಹೆಸರು ಹೇಳಿ ಕರೆಗಳು ಬರುತ್ತಿದ್ದುದೇ ಇದಕ್ಕೆ ಕಾರಣ.

ಇನ್ನು ನಮ್ಮದೇ ಸಮುದಾಯದ ಗಾಯವನ್ನು ಮರೆಯಲಾದೀತೇ? ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಅಂದರೆ ಐ.ಎಂ.ಎ., ಬಡ್ಡಿಯಿಲ್ಲದ ಹಲಾಲ್ ಲಾಭವೆಂಬ ಹೆಸರಿನಲ್ಲಿ ಹತ್ತಾರು ಸಾವಿರ ಮುಸ್ಲಿಮ್ ಕುಟುಂಬಗಳ ಉಳಿತಾಯವನ್ನು ಪಡೆಯಿತು. 2019ರ ಜೂನ್‌ನಲ್ಲಿ ಅದು ಕುಸಿಯಿತು. ಅದರ ಮುಖ್ಯಸ್ಥ ದೇಶ ಬಿಟ್ಟುಹೋಗಿ, ಜುಲೈನಲ್ಲಿ ದೆಹಲಿಯಲ್ಲಿ ಬಂಧಿತನಾದ. ತನಿಖೆ ಸಿ.ಬಿ.ಐ.ಗೆ ಹೋಯಿತು. ಠೇವಣಿದಾರರ ಹಿತರಕ್ಷಣೆಗಾಗಿ ಇರುವ ಕರ್ನಾಟಕದ 2004ರ ಕಾಯ್ದೆಯಡಿ ಸರಕಾರ ಸಕ್ಷಮ ಪ್ರಾಧಿಕಾರವನ್ನು ನೇಮಿಸಿತು. ಅದು 2020ರ ಕೊನೆಯಲ್ಲಿ ಠೇವಣಿದಾರರಿಂದ ಅರ್ಜಿಗಳನ್ನು ಕರೆಯಿತು. ಮಗಳ ನಿಕಾಹ್‌ಗೆ, ಹಜ್ ಯಾತ್ರೆಗೆ ಕೂಡಿಟ್ಟ ಹಣವನ್ನು ಕಳೆದುಕೊಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಇಂತಹವರಿಗೆ “ನಿಮ್ಮ ಕಡತವನ್ನು ನಾನು ಮುಂದೆ ಸರಿಸುತ್ತೇನೆ” ಎನ್ನುವ ಒಂದು ಕರೆ ಎಷ್ಟು ಸಿಹಿಯಾಗಿ ಕೇಳಿಸೀತು ಎಂಬುದನ್ನು ಊಹಿಸಿ. ಅವರೆಲ್ಲರಿಗೂ ನಾವು ಹೇಳುವುದಿಷ್ಟೇ: ನ್ಯಾಯಾಲಯ ಅಥವಾ ಸರಕಾರ ನೇಮಿಸಿದ ಪ್ರಾಧಿಕಾರ ಕೊಡುವ ಹಣಕ್ಕೆ ಖಾಸಗಿ ದಲ್ಲಾಳಿ ಬೇಕಿಲ್ಲ.

ಇಲ್ಲಿ ನಾವು ನಮ್ಮವರೊಡನೆಯೇ ವಾದಿಸಬೇಕಾಗಿದೆ. ಮೋಸಗಾರನ ಕೈ ಬಲವಾಗುವುದು ಅವನ ಜಾಣತನದಿಂದ ಮಾತ್ರವಲ್ಲ, ನಮ್ಮೊಳಗಿನ ಕೆಲವು ತಪ್ಪು ನಂಬಿಕೆಗಳಿಂದಲೂ ಹೌದು.

ಮೊದಲನೆಯದು, ವೇಷವನ್ನೇ ಸಾಕ್ಷಿಯೆಂದು ಸ್ವೀಕರಿಸುವುದು. ಸಲಾಮ್, ಗಡ್ಡ, ಟೋಪಿ, ಮಾತಿಗೊಮ್ಮೆ “ಇನ್‌ಶಾ ಅಲ್ಲಾಹ್”, ಜಾಹೀರಾತಿನ ಮೇಲೆ ಕಅಬಾದ ಚಿತ್ರ, “ಹಲಾಲ್” ಎಂಬ ಮುದ್ರೆ, ಇವೆಲ್ಲ ಆರಾಧನೆಯ ಮತ್ತು ಅಸ್ಮಿತೆಯ ಚಿಹ್ನೆಗಳು. ವ್ಯವಹಾರದ ಲೆಕ್ಕಪತ್ರಗಳ ಸ್ಥಾನವನ್ನು ಅವು ತುಂಬಲಾರವು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿದೆ (2:282). ಆ ಆದೇಶ ಯಾರಿಗೆ ಬಂತು? ಒಬ್ಬರನ್ನೊಬ್ಬರು ಪ್ರಾಣಕ್ಕಿಂತ ಹೆಚ್ಚಾಗಿ ನಂಬುತ್ತಿದ್ದ ಸಹಾಬಿಗಳಿಗೆ. ಅವರಿಗೇ ಕಾಗದ ಬೇಕಾಗಿದ್ದರೆ, ಮುಖ ಕಾಣದ ಕರೆಗಾರನ ಸಲಾಮ್ ನಮಗೆ ಸಾಕಾದದ್ದು ಹೇಗೆ? ಅವಿಶ್ವಸನೀಯ ವ್ಯಕ್ತಿಯೊಬ್ಬ ಸುದ್ದಿ ತಂದರೆ ಪರಿಶೀಲಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ (49:6). ಪರಿಶೀಲಿಸುವುದು ಅಪನಂಬಿಕೆಯಲ್ಲ, ಆಜ್ಞಾಪಾಲನೆ. ಯೋಜನೆಗಳ ಉದ್ಘಾಟನೆಗೆ ಹೋಗಿ ದುಆ ಮಾಡಿ, ಚಿತ್ರ ತೆಗೆಸಿಕೊಂಡು ಬರುವ ನಮ್ಮ ಗಣ್ಯರಿಗೂ ಈ ಮಾತು ಅನ್ವಯಿಸುತ್ತದೆ. ಅವರ ಒಂದು ಚಿತ್ರದ ಮೇಲೆ ಬಡವನೊಬ್ಬ ತನ್ನ ಜೀವಮಾನದ ಗಳಿಕೆಯನ್ನು ಇಡುತ್ತಾನೆ. ಲೆಕ್ಕಪತ್ರ ನೋಡದೆ ಕೊಟ್ಟ ಶಿಫಾರಸು ಸುಳ್ಳು ಸಾಕ್ಷಿಯಿಂದ ಎಷ್ಟು ದೂರವಿದೆ ಎಂದು ಅವರೇ ಯೋಚಿಸಲಿ.

ಎರಡನೆಯದು, ಮೋಸಹೋದವನನ್ನೇ ದೂಷಿಸುವುದು. “ಅತಿಯಾಸೆ ಪಟ್ಟ, ಅನುಭವಿಸಲಿ” ಎಂಬ ಮಾತು ನಮ್ಮ ಮಜ್ಲಿಸ್‌ಗಳಲ್ಲಿ ಎಷ್ಟು ಸುಲಭವಾಗಿ ಹೊರಡುತ್ತದೆ! ತನ್ನದೇ ಸದಸ್ಯತ್ವವನ್ನು ಮಾರಿ ತನ್ನದೇ ಹಣವನ್ನು ಮರಳಿ ಪಡೆಯಲು ಬಯಸುವುದು ಅತಿಯಾಸೆಯೇ? ಪ್ರವಾದಿ(ಸ)ರವರ ಕಾಲದಲ್ಲಿ ವ್ಯಾಪಾರದಲ್ಲಿ ಮತ್ತೆ ಮತ್ತೆ ಮೋಸಹೋಗುತ್ತಿದ್ದ ಒಬ್ಬ ಸಹಾಬಿಯಿದ್ದರು. ಅವರು ಹಬ್ಬಾನ್ ಬಿನ್ ಮುನ್ಕಿಝ್(ರ) ಎಂದು ಹದೀಸ್ ವ್ಯಾಖ್ಯಾನಕಾರರು ಹೇಳುತ್ತಾರೆ. ತಲೆಗೆ ಬಿದ್ದ ಪೆಟ್ಟಿನಿಂದ ಅವರ ಮಾತೂ ತಿಳಿವಳಿಕೆಯೂ ಕುಂದಿದ್ದವು. ಪ್ರವಾದಿ(ಸ)ರವರು ಅವರನ್ನು ಹೀಯಾಳಿಸಲಿಲ್ಲ. ಕೊಳ್ಳುವಾಗ ವಂಚನೆ ಇರಕೂಡದು ಎಂದು ಮೊದಲೇ ಷರತ್ತು ಹಾಕುವಂತೆ ಕಲಿಸಿದರು. ಕೊಂಡದ್ದನ್ನು ಇಟ್ಟುಕೊಳ್ಳಲು ಅಥವಾ ಹಿಂದಿರುಗಿಸಲು ಮೂರು ದಿನಗಳ ಅವಕಾಶ ಕೊಟ್ಟರೆಂದೂ ವರದಿಯಿದೆ. ಮೋಸಹೋಗುವವನಿಗೆ ಇಸ್ಲಾಮ್ ಕೊಟ್ಟದ್ದು ರಕ್ಷಣೆಯನ್ನು. ನಾವು ಕೊಡುತ್ತಿರುವುದು ಅಪಹಾಸ್ಯವನ್ನು. ಅಪಹಾಸ್ಯಕ್ಕೆ ಹೆದರಿದವನು ಮೌನವಾಗುತ್ತಾನೆ, ಮೌನವಾದವನ ಬಳಿ ಎರಡನೆಯ ಕಳ್ಳ ನಿಶ್ಚಿಂತೆಯಿಂದ ಬರುತ್ತಾನೆ. ಹಾಗಾದರೆ ಆ ಕಳ್ಳತನದಲ್ಲಿ ನಮ್ಮ ನಾಲಗೆಗೂ ಪಾಲಿಲ್ಲವೇ?

ಮೂರನೆಯದು, ಮಾನ ಹೋಗುತ್ತದೆಂದು ಮುಚ್ಚಿಡುವುದು. ದೂರು ಕೊಟ್ಟರೆ ಬೀಗರಿಗೆ ಗೊತ್ತಾಗುತ್ತದೆ, ಜಮಾಅತ್‌ನಲ್ಲಿ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಂಜಿಕೆ. ಕೆಡುಕಿನ ಬಗ್ಗೆ ಬಹಿರಂಗವಾಗಿ ಮಾತನಾಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಆದರೆ ಅನ್ಯಾಯಕ್ಕೊಳಗಾದವನಿಗೆ ಅದರಿಂದ ವಿನಾಯಿತಿಯಿದೆ ಎಂಬುದನ್ನು ಸೂರಃ ಅನ್ನಿಸಾದಲ್ಲಿ ನಾವು ಓದುತ್ತೇವೆ (4:148). ಮರ್ದಿತನ ಬಾಯಿಯನ್ನು ಕುರ್‌ಆನ್ ತೆರೆದಿದೆ, ನಮ್ಮ ಹುಸಿ ಮಾನ ಅದನ್ನು ಹೊಲಿಯುತ್ತಿದೆ. ನಾಚಬೇಕಾದವನು ಕದ್ದವನು, ಕಳೆದುಕೊಂಡವನಲ್ಲ.

ನಾಲ್ಕನೆಯದು, ಸಬ್ರ್ ಮತ್ತು ತಕ್ದೀರ್‌ನ ಹೆಸರಿನಲ್ಲಿ ಸುಮ್ಮನಾಗುವುದು. ನಷ್ಟವನ್ನು ಅಲ್ಲಾಹನ ಪರೀಕ್ಷೆಯೆಂದು ಸಹಿಸುವುದು ಒಳ್ಳೆಯದೇ. ಆದರೆ ಒಂಟೆಯನ್ನು ಕಟ್ಟಿ ಬಳಿಕ ಭರವಸೆಯಿಡುವಂತೆ ಕಲಿಸಿದ ಪ್ರವಾದಿ(ಸ)ರವರ ಅನುಯಾಯಿಗಳು ನಾವು. ಸತ್ಯವಿಶ್ವಾಸಿಯನ್ನು ಒಂದೇ ಬಿಲದಿಂದ ಎರಡು ಬಾರಿ ಕಚ್ಚಲಾಗದು ಎಂಬರ್ಥದ ಅವರ ಮಾತು ಈ ಎರಡನೆಯ ಕಳ್ಳನಿಗಾಗಿಯೇ ಹೇಳಿದಂತಿದೆ. ಸಬ್ರ್ ಎಂದರೆ ಕಳ್ಳನಿಗೆ ಮತ್ತೊಮ್ಮೆ ಬೀಗದ ಕೈ ಕೊಡುವುದಲ್ಲ.

ನಮ್ಮ ದೀನೀ ಭಾವನೆಯನ್ನೇ ಗುರಿಯಾಗಿಸುವ ಇನ್ನೊಂದು ತಂತ್ರವೂ ಇದೆ. “ನಿರ್ವಹಣಾ ಶುಲ್ಕ ಬಾಕಿಯಿದೆ, ನೀವು ತೀರಿಕೊಂಡರೆ ಈ ಸಾಲ ಮಕ್ಕಳ ತಲೆಗೆ ಬರುತ್ತದೆ, ಈಗಲೇ ಇಷ್ಟು ಕಟ್ಟಿದರೆ ಸದಸ್ಯತ್ವದಿಂದ ಬಿಡುಗಡೆ ಮಾಡಿಸುತ್ತೇವೆ” ಎಂಬ ಮಾತು. ಸಾಲದ ಭಾರ ಹೊತ್ತು ಸಾಯಲು ಯಾವ ಸತ್ಯವಿಶ್ವಾಸಿಯೂ ಬಯಸುವುದಿಲ್ಲ. ಆ ಭಯವನ್ನೇ ಅವನು ಮಾರಾಟದ ಸರಕಾಗಿಸುತ್ತಾನೆ. ಉತ್ತರ ಸರಳ. ಬಾಕಿ ನಿಜವೇ ಎಂಬುದನ್ನು ಮೂಲ ಒಪ್ಪಂದದಲ್ಲಿರುವ ಸಂಸ್ಥೆಯ ವಿಳಾಸಕ್ಕೆ ಬರೆದು ಕೇಳಬೇಕು. ಬಂದ ಕರೆಯ ಸಂಖ್ಯೆಗಾಗಲಿ, ಅವನು ಕಳಿಸಿದ ಲಿಂಕಿಗಾಗಲಿ ಅಲ್ಲ. ನಿಜವಿದ್ದರೆ ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ಸಾಲಗಾರನಿಗೆ ತೀರಿಸಿದರೆ ಸಾಲ ತೀರುತ್ತದೆ, ದಾರಿಹೋಕನಿಗೆ ಕೊಟ್ಟರೆ ಅಲ್ಲ.

ಹಣ ಹೋಗಿಬಿಟ್ಟಿದ್ದರೆ ಏನು ಮಾಡಬೇಕು? ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ಬೆಳಗಾವಿಯ ಸಿ.ಇ.ಎನ್. ಠಾಣೆಯಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ಕರೆಯ ಸಂಖ್ಯೆ, ಸಂದೇಶ, ಹಣ ಕಟ್ಟಿದ ವಿವರ ಯಾವುದನ್ನೂ ಅಳಿಸಬಾರದು. ಕ್ಲಬ್ ಸಂಸ್ಥೆಯೇ ಸುಳ್ಳು ಹೇಳಿ ಸದಸ್ಯತ್ವ ಮಾರಿದ್ದರೆ, 1915 ಗ್ರಾಹಕ ಸಹಾಯವಾಣಿಯಿದೆ, ಬೆಳಗಾವಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸಂಸ್ಥೆಯ ಕಚೇರಿ ಮುಂಬಯಿಯಲ್ಲಿರಲಿ, ಗೋವಾದಲ್ಲಿರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ. ದೂರಿಗೆ ಕಾರಣ ಉಂಟಾದಂದಿನಿಂದ 2 ವರ್ಷಗಳೊಳಗೆ ಹೋಗಬೇಕು ಎಂಬುದನ್ನು ಮಾತ್ರ ಮರೆಯಬಾರದು. ಈ ಬಾಗಿಲುಗಳು ತೆರೆದಿರುವಾಗ ಅಪರಿಚಿತನ ಮುಂದೆ ಕೈಚಾಚುವುದೇಕೆ?

ಆದರೆ ಒಂಟಿ ಮನುಷ್ಯ ಒಂಟಿಯಾಗಿಯೇ ಹೋರಾಡಲಿ ಎಂದು ಬಿಡುವುದು ಜಮಾಅತ್‌ನ ಲಕ್ಷಣವಲ್ಲ. ಮಯ್ಯಿತ್ ಆದ ಮನೆಗೆ ಊಟ ಕಳಿಸುವ ನಮಗೆ ಮೋಸಹೋದ ಮನೆಗೆ ಒಬ್ಬ ತಿಳಿದವನನ್ನು ಕಳಿಸಲು ಬಾರದೇ? ಈ ನಾಲ್ಕೂ ತಾಲೂಕುಗಳ ಅಂಜುಮನ್‌ಗಳು ಮತ್ತು ಮಸೀದಿ ಸಮಿತಿಗಳು ಮಾಡಬೇಕಾದುದನ್ನು ನಾವು ನೇರವಾಗಿ ಹೇಳುತ್ತೇವೆ. ಪ್ರತಿ ಊರಿನಲ್ಲಿ ಓದಿದ ಇಬ್ಬರು ಯುವಕರನ್ನೂ ಮಹಿಳೆಯರ ಸಲುವಾಗಿ ಓದಿದ ಒಬ್ಬ ಸಹೋದರಿಯನ್ನೂ ಗೊತ್ತುಮಾಡಿ. ಹಣ ಕೇಳುವ ಕರೆ ಬಂದವರು ಮೊದಲು ಅವರನ್ನು ಕೇಳಲಿ, ಕೇಳಿದ್ದು ಅವರಲ್ಲಿಯೇ ಅಮಾನತ್ ಆಗಿ ಉಳಿಯಲಿ. ವರ್ಷಕ್ಕೆರಡು ಬಾರಿಯಾದರೂ ಜುಮಾ ಖುತ್ಬಾದಲ್ಲಿ ಈ ವಿಷಯ ಬರಲಿ. ಯಾವ ಹೂಡಿಕೆಯ, ಯಾವ ಸದಸ್ಯತ್ವದ ಪ್ರಚಾರವೂ ಮಸೀದಿಯ ಅಂಗಳದಲ್ಲಿ ನಡೆಯದಿರಲಿ.

ಮನೆಯಲ್ಲಿಯೂ ಒಂದು ಕಟ್ಟಳೆ ಇರಲಿ. ಅಪರಿಚಿತರಿಗೆ ಹಣ ಕೊಡುವ ಯಾವ ನಿರ್ಧಾರಕ್ಕೂ ಮೂರು ದಿನ ಕಾಯುವುದು, ಮನೆಯ ಇಬ್ಬರಿಗೆ ತಿಳಿಸುವುದು, ಎಲ್ಲವನ್ನೂ ಕಾಗದದಲ್ಲಿ ಕೇಳುವುದು. ಮೂರು ದಿನ ಕಾಯಲೊಲ್ಲದ ಲಾಭ ನಮಗೆ ಬೇಡ. ಇಬ್ಬರಿಗೆ ಹೇಳಲಾಗದ ವ್ಯವಹಾರ ನಮ್ಮದಲ್ಲ. ಕಾಗದಕ್ಕೆ ಹೆದರುವವನು ನಮ್ಮ ಹಿತೈಷಿಯಲ್ಲ. ತಂದೆತಾಯಿಯರು ಇಂತಹ ಕರೆಯ ಬಗ್ಗೆ ಹೇಳಿದಾಗ ಗದರದೆ ಕೇಳುವ ಮಕ್ಕಳು ನಾವಾಗಬೇಕು. ಒಮ್ಮೆ ಗದರಿದರೆ ಮುಂದಿನ ಕರೆಯನ್ನು ಅವರು ನಮ್ಮಿಂದ ಮುಚ್ಚಿಡುತ್ತಾರೆ.

ಸಂಪತ್ತು ನಮ್ಮದಲ್ಲ, ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತ್. ಎಲ್ಲಿಂದ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿ ಉತ್ತರಿಸಬೇಕಾಗಿದೆ. ಬೆವರಿನ ಹಣವನ್ನು ವಂಚಕರ ಕೈ ಸೇರದಂತೆ ಕಾಯುವುದು ಆ ಉತ್ತರದ ಒಂದು ಭಾಗ. ಕಳೆದುಕೊಂಡ ಸಹೋದರನ ಪಕ್ಕದಲ್ಲಿ ನಿಲ್ಲುವುದು ಇನ್ನೊಂದು ಭಾಗ. ಅನ್ಯಾಯಕ್ಕೊಳಗಾದವರಿಗೆ ಅವರ ಹಕ್ಕು ದೊರಕುವಂತಾಗಲಿ, ವಂಚಕರ ಬಲೆಯನ್ನು ಗುರುತಿಸುವ ವಿವೇಕವನ್ನೂ ಪರಸ್ಪರ ಕಾಪಾಡುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.